ಚುಕ್ಕಿ ಸಾಲದ ಮುಖ

"ಇಷ್ಟು ಸಣ್ಣ ಫೋಟೋ ಹಿಗ್ಗಿಸಿದ್ರ ಮಾರಿ ಒಡೀತೈತ್ರಿ ಅಕ್ಕಾರ," ಎಂದು ಕಲ್ಮೇಶ ಮೌಸಿನ ಮೇಲಿಂದ ಕೈ ತೆಗೆದ.

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರು ಅವನದು ಫ್ಲೆಕ್ಸು, ಸ್ಟಿಕರು ಮಾಡುವ ಅಂಗಡಿ. ಜಯಮಾಲಾ ತನ್ನ ಹೊಸ ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು, ಅದರ ಬೆನ್ನಿಗೆ ಅಂಟಿಸಲೆಂದು ತನ್ನ ಮದುವೆಯ ಸಿ.ಡಿ.ಯಿಂದ ಒಂದು ಫೋಟೋ ತೆಗೆಸಿದ್ದಳು. ನಡುವೆ ಮದುಮಕ್ಕಳು, ಅವರ ಮೇಲೆ ಬೀಳುತ್ತಿರುವ ಅಕ್ಕಿಕಾಳು. ತೀರಾ ಅಂಚಿನಲ್ಲಿ, ಕಂಬದ ಪಕ್ಕ, ಉಗುರಿನಷ್ಟು ಕಾಣುವ ಒಬ್ಬ ಹೆಂಗಸು ಕೈ ಎತ್ತಿದ್ದಾಳೆ. ಆ ಹೆಂಗಸು, ಜಯಮಾಲಾಳ ತಾಯಿ ಸುಂದರವ್ವ, ಈಗ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಮದುಮಕ್ಕಳು ಬ್ಯಾಡ್ರಿ. ನಮ್ಮವ್ವ ಒಬ್ಬಾಕೀನ ಬೇಕು, ಲ್ಯಾಪ್‌ಟಾಪ್ ತುಂಬ."

"ಚಂದ ಬರಬೇಕಂದ್ರ ಇಂಚಿಗೆ ನೂರೈವತ್ತು ಚುಕ್ಕಿ ಆದ್ರೂ ಬೇಕ್ರಿ. ಇದರಾಗ ಅವ್ವಾರ ಪಾಲಿಗೆ ಬಂದದ್ದು ಇಪ್ಪತ್ತೂ ಇಲ್ಲ."

"ಬಿಡ ಜಯಾ," ಎಂದಳು ಸುಂದರವ್ವ. "ಯಾವುದರೆ ಹೂವಿಂದು ಹಚ್ಚಿಸು. ಹಚ್ಚಿಕೊಂಡು ತಿರುಗಾಕ ನಾ ಏನ್ ಸಿನಿಮಾದಾಕಿ?"

"ಯವ್ವಾ, ನೀ ಸುಮ್ನ ಕೂಡು. ಸಿ.ಡಿ. ತುಂಬ ಹುಡುಕೇನಿ, ನೀ ಇದ್ದದ್ದು ಇದೊಂದರಾಗ. ಕೇಳಿದ್ರ ಅಡಗೀ ಕಡೆ ಇದ್ದೆ ಅಂತ ಹೇಳಿದಿ. ಸುಳ್ಳಬುರಕಿ! ಕದ್ದು ಬಂದು ನನ್ನ ಮ್ಯಾಲ ಅಕ್ಕಿಕಾಳು ಹಾಕಿ ಹೋಗಿಯಲ್ಲ!"

ಮಗಳ ನಗುವನ್ನು ಸುಂದರವ್ವ ನೋಡಲಿಲ್ಲ, ನೆಲ ನೋಡಿದಳು. ಬಂದದ್ದು ನಿಜ. ಮುಷ್ಟಿಯಲ್ಲಿ ಅಕ್ಕಿ ಹಿಡಿದು ಕಂಬದವರೆಗೆ ಬಂದು, ಕೈ ಎತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ತೋಳು ಹಿಡಿಯಿತು. "ಬೀಗರ, ನೀವು ಹಿಂದ ನಿಂದರ್ರಿ. ಒಳ್ಳೇ ಗಳಿಗಿ ಐತಿ." ಮಗಳ ಅತ್ತೆ ಇಂದುಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅಲ್ಲಿ ಕೆಸರಿದೆ, ನೋಡಿ ಹೆಜ್ಜೆ ಇಡಿ ಎನ್ನುವಂತಿತ್ತು. ಗಂಡ ತೀರಿಕೊಂಡ ಮೇಲೆ ಆ ದನಿಯನ್ನು ಸುಂದರವ್ವ ಎಷ್ಟೋ ಮದುವೆಗಳಲ್ಲಿ ಕೇಳಿದ್ದಳು. ಹೆತ್ತ ಮಗಳ ಮದುವೆಯಲ್ಲಿ ಮಾತ್ರ ಕೇಳಲಾರೆ ಅಂದುಕೊಂಡಿದ್ದಳು. ಮಗಳಿಗೆ ಇದನ್ನು ಹೇಳಿರಲಿಲ್ಲ. ಹೇಳಿ ಆಗುವುದೇನು? ಈಗ ದಿನಾ ಮುಂಜಾನೆ ಜಯಮಾಲಾ ಕಾಲೇಜಿಗೆ ಹೊರಡುವಾಗ ಅವಳ ಜಡೆ ಹಾಕುವ ಕೈಯೂ ಅದೇ.

ಕಲ್ಮೇಶ ಚಿತ್ರವನ್ನು ಲ್ಯಾಪ್‌ಟಾಪಿನ ಅಳತೆಗೆ ಹಿಗ್ಗಿಸಿದ. ಸುಂದರವ್ವನ ಮುಖ ಕಂದು ಹಳದಿ ಚೌಕಗಳಾಗಿ ಹರಡಿತು.

"ಅವ್ವಾರ ತೋಳ ಮ್ಯಾಲ ಯಾರದೋ ಕೈ ಇದ್ದಂಗೈತ್ರಿ."

"ಯಾರದಿದು?" ಜಯಮಾಲಾ ಬಗ್ಗಿದಳು.

"ಯಾರಿಗ್ಗೊತ್ತು. ಗದ್ದಲದಾಗ ಆಸರಕ್ಕ ಹಿಡಕೊಂಡಿರ್ಬೇಕು. ತಗದುಬಿಡ್ರಿ ಅದನ್ನ," ಎಂದಳು ಸುಂದರವ್ವ.

"ಅದನ್ನ ತಗದ್ರ ನಿಮ್ಮ ತೋಳೂ ಹೋಗ್ತೈತ್ರಿ ಅವ್ವಾರ," ಕಲ್ಮೇಶ ನಕ್ಕ. "ಒಂದು ಕೆಲಸ ಮಾಡೂಣು. ಸಿ.ಡಿ.ಗೆ ಸಣ್ಣ ಮಾಡಿ ಹಾಕಿರ್ತಾರ. ದೊಡ್ಡ ಫೈಲ್ ಈ ಫೋಟೋ ತಗದ ಬಾಗೇವಾಡಿ ಸ್ಟುಡಿಯೋದಾಗ ಇರ್ತೈತಿ. ಫೋನ್ ಹಚ್ಚಿದ್ರ ನಾಳಿ ಬಸ್ಸಿಗೆ ಪೆನ್‌ಡ್ರೈವ್ ಕೊಟ್ಟು ಕಳಸ್ತಾರ. ಅದನ್ನ ಹಿಗ್ಗಿಸಿದ್ರ ಬಳಿ ಮ್ಯಾಲಿನ ಗೀರು ಸುದ್ದಾ ಕಾಣ್ತಾವ."

"ಮತ್ತ ಹಚ್ರಲ್ಲ ಫೋನು!"

"ಬ್ಯಾಡ."

ಇಬ್ಬರೂ ತಿರುಗಿ ನೋಡಿದರು. ಸುಂದರವ್ವನ ದನಿ ಅಷ್ಟು ಗಟ್ಟಿಯಾಗಿ ಬಂದಿತ್ತು.

"ಇದನ್ನ ಮಾಡ್ರಿ. ಈ ಸಣ್ಣದನ್ನ."

"ಮಾರಿ ಒಡದೈತಿ, ಯವ್ವಾ. ಗುರುತು ಹತ್ತೂದಿಲ್ಲ."

"ಒಡೀಲಿ. ನಾಳಿಗಿ ನಾ ಇರಾಕಿಲ್ಲ, ಊರಿಗೆ, ತಂಗಡಗಿಗಿ ಹೋಗಾಕಿ. ಮಾಡಸೂದಿದ್ರ ಈಗ ನನ್ನ ಕಣ್ಣಮುಂದ ಮಾಡಸು."

ತಾಯಿ ಹಟ ಹಿಡಿದದ್ದನ್ನು ಜಯಮಾಲಾ ಕಂಡವಳೇ ಅಲ್ಲ. ಹೂಂ ಎಂದಳು. ಸುಂದರವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಅಂಚಿನಲ್ಲಿ ಸಣ್ಣದಾಗಿ ನಿಂತದ್ದೇ ಒಳ್ಳೆಯದಾಯಿತು ಎನಿಸಿತು. ತನ್ನ ಮುಖ ಹೋದರೆ ಹೋಗಲಿ, ಆ ಕೈಯ ಗುರುತೂ ಅದರ ಜೊತೆಗೇ ಹೋಗುತ್ತದೆ. ತನ್ನ ಕೈಯ ಅಕ್ಕಿಕಾಳೂ ಬಿತ್ತು ಅಂತಲೇ ಮಗಳು ನಂಬಿಕೊಂಡಿರಲಿ.

ಮಷೀನು ಹಾಳೆಯನ್ನು ಹೊರಗೆ ನೂಕಿತು. ಕಲ್ಮೇಶ ಅದನ್ನು ಕತ್ತರಿಸಿ ಅಂಟಿಸಿ, ಗುಳ್ಳೆಗಳನ್ನು ಬಟ್ಟೆಯಿಂದ ಒತ್ತಿ ತೆಗೆದು, ಲ್ಯಾಪ್‌ಟಾಪನ್ನು ಗೋಡೆಗೆ ಒರಗಿಸಿಟ್ಟ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಚೌಕಗಳು. ಸುಂದರವ್ವನ ಜೀವ ಹಗುರಾಯಿತು. ಯಾರೋ ಗಿರಾಕಿ ಒಳಗೆ ಬಂದರು. ಅವರಿಗೆ ದಾರಿ ಬಿಡಲೆಂದು ಆಕೆ ಎದ್ದು ಹಿಂದೆ ಸರಿದಳು, ಇನ್ನಷ್ಟು ಸರಿದಳು.

ಸರಿದಂತೆಲ್ಲ ಚೌಕಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದವು. ಹುಬ್ಬು ಮೂಡಿತು, ಕಣ್ಣು ಮೂಡಿದವು, ಏನೋ ಹೇಳಲು ತೆರೆದು ಅಲ್ಲಿಗೇ ನಿಂತ ಬಾಯಿ ಮೂಡಿತು. ಅನುಮಾನವೇ ಇಲ್ಲ, ತನ್ನದೇ ಮುಖ. ಪಕ್ಕದಲ್ಲಿ ಎತ್ತಿದ ಮುಷ್ಟಿ, ಬಿಚ್ಚದ ಮುಷ್ಟಿ. ತೋಳಿನ ಮೇಲೆ ಬಿಗಿಯಾದ ಬೆರಳುಗಳು, ಅವುಗಳ ನಡುವೆ ಮಡಚದೆ ನೆಟ್ಟಗೆ ನಿಂತ ಒಂದೇ ಒಂದು ತೋರುಬೆರಳು. ಎಂದೋ ಬಾಗಿಲ ಸಂದಿಗೆ ಸಿಕ್ಕು ಸೆಟೆದುಹೋದ ಇಂದುಬಾಯಿಯ ಬೆರಳು.

ಸುಂದರವ್ವ ಗಾಬರಿಯಿಂದ ಮಗಳನ್ನು ಹುಡುಕಿ ಹೊರಳಿದಳು. ಜಯಮಾಲಾ ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ, ತಾಯಿಗಿಂತಲೂ ದೂರದಲ್ಲಿ, ಆಗಲೇ ನಿಂತು ನೋಡುತ್ತಿದ್ದಳು. ಬಸ್ಸೊಂದು ಹಾರ್ನು ಹೊಡೆದು ಹೋದ ಮೇಲೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ತಾಯಿಯ ಕಡೆ ತಿರುಗಿದಳು.

"ಯವ್ವಾ," ಎಂದಳು, "ಆ ಮುಟಿಗ್ಯಾಗಿನ ಅಕ್ಕಿ ಏನ್ ಮಾಡಿದಿ?"