ಸಡಿಲ ಬಿಟ್ಟ ನೇಗಿಲು

ಕೃತ್ತಿಕೆ ಮಳೆಗೆ ಹದವಾಗಿದ್ದ ತುಂಗಮ್ಮನ ಹೊಲದಲ್ಲಿ ಹುಚ್ಚರಾಯಪ್ಪನ ಹೊಸ ಟ್ರಾಕ್ಟರು ಬದುವಿನ ತಿರುವಿಗೆ ಬಂದು ಹಟ ಹಿಡಿದಿತ್ತು. ಎಷ್ಟು ತಿರುಗಿಸಿದರೂ ಹಿಂದಿನ ನೇಗಿಲು ತಿರುಗಗೊಡದೆ ಗಾಡಿಯನ್ನು ಬದುವಿನ ಮೇಲಕ್ಕೇ ನೂಕುತ್ತಿತ್ತು.

“ಹೋದ ವರ್ಷ ನಿನ್ನ ಎತ್ತು ಕುಂಟಿದಾಗ ನನ್ನೆತ್ತು ಬಂದು ನಿನ್ನ ಹೊಲ ಉತ್ತಿದ್ವು. ಆ ಮುಯ್ಯಿ ತೀರ್ಸೋಕೆ ಬಂದು ನನ್ನ ಬದು ಕೆಡವ್ತೀಯೇನೋ?” ಎಂದಳು ತುಂಗಮ್ಮ. “ಇದನ್ನ ಮುಯ್ಯಿ ಅಂತ ನಾನಂತೂ ಒಪ್ಪಲ್ಲ.”

ಹುಚ್ಚರಾಯಪ್ಪ ಇಳಿದು ನೋಡಿದ. ಬೆಳಿಗ್ಗೆ ಮಣ್ಣು ಸಮ ಮಾಡುವಾಗ ಟ್ರಾಕ್ಟರಿನ ಹಿಂದೆ ಕಟ್ಟಿದ್ದ ಹಲಗೆ ಓಲಾಡದಿರಲೆಂದು ಎರಡೂ ಬದಿಗೆ ಹಾಕಿದ್ದ ಕಬ್ಬಿಣದ ಸರಳುಗಳನ್ನು ನೇಗಿಲು ಕಟ್ಟುವಾಗಲೂ ಹಾಗೇ ಬಿಟ್ಟಿದ್ದ; ಅವು ನೇಗಿಲನ್ನು ಪಕ್ಕಕ್ಕೆ ಅಲುಗಗೊಡದೆ ಗಾಡಿಗೆ ಬಿಗಿದಿದ್ದವು. ನೊಗದ ಹಗ್ಗ ಸಡಿಲಾದರೆ ಸಾಲು ಸೊಟ್ಟಗಾಗುವುದನ್ನು ಎತ್ತಿನ ಹಿಂದೆ ನಡೆದು ಕಲಿತವನು. ಬಿಗಿ ಇದ್ದಷ್ಟೂ ಒಳ್ಳೆಯದೆಂದೇ ತಿಳಿದಿದ್ದ. ಈಗ ಪಿನ್ನು ಕಿತ್ತು ಸರಳುಗಳನ್ನು ಬಿಚ್ಚಿ ಬದುವಿನ ಮೇಲಿಟ್ಟ.

“ಬಿಚ್ಚಿದ್ರೆ ನೇಗ್ಲು ಅಲ್ಲಾಡಲ್ವೇನೋ?”

“ಒಂಚೂರು ಅಲ್ಲಾಡ್ಲಿ ಬಿಡು ಚಿಗವ್ವ. ಬಿಗಿದು ನೋಡಿದ್ದಾಯ್ತಲ್ಲ.”

ಟ್ರಾಕ್ಟರು ಬದುವಿನ ಗುಂಟ ಬಾಗಿತು. ನೇಗಿಲು ತುಸು ಓಲಾಡಿ, ಸಾಕಿದ ಕರುವಿನಂತೆ ಹಿಂದೆಯೇ ಬಂತು. ಹೊತ್ತು ಇಳಿಯುವ ಮೊದಲೇ ಹೊಲ ಮುಗಿಯಿತು. ಗಾಡಿ ತಿರುಗಲಾಗದ ಮೂಲೆಗಳಷ್ಟೇ ಉಳಿದವು.

ತುಂಗಮ್ಮ ಒಂದು ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿದಳು.

“ಮುಯ್ಯಿ ತೀರ್ತು ಹೋಗು. ಈ ಮೂಲೆಗಳ್ನ ನನ್ನೆತ್ತು ಉಳ್ತಾವೆ. ನಿನ್ನ ಹೊಲದ ಮೂಲೆನೂ ಹಿಂಗೇ ಬಿಟ್ಟಿರ್ತೀಯ, ನಾಳೆ ಅಲ್ಲಿಗೂ ಹೊಡ್ಕಂಡು ಬರ್ತೀನಿ,” ಎಂದಳು. “ಅದಕ್ಕೆ ಮುಂದಿನ ವರ್ಷ ನೀನು ಬರ್ಬೇಕು, ಮತ್ತೆ.”