ಜೊತೆಗೆ ಬರುವವರ ಹೆಸರು

“ಜೊತೆಗೆ ಬರೋರು ಯಾರು ಯಜಮಾನ್ರೇ?” ಎಂದು ಕ್ಲಿನಿಕ್ಕಿನ ಶಾಮಲಾ ಮೂರನೆಯ ಸಲ ಕೇಳಿದಳು. ಮೊದಲೆರಡು ಸಲ ಸಂಜೀವಪ್ಪನವರಿಗೆ ಕೇಳಿಸಿರಲೇ ಇಲ್ಲ. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಪವರ್‌ಲೂಮ್ ಮಗ್ಗ ನಡೆಸಿದವರ ಕಿವಿಗೆ ಮೆಲುದನಿ ಎಲ್ಲಿ ಮುಟ್ಟಬೇಕು? ಮೂರನೆಯ ಸಲ ಕೇಳಿಸಿತು. ಆದರೆ ಅವರು ಬಾಗಿಲ ಕಡೆ ನೋಡಿದರು.

ಡಾಕ್ಟರು ಇ.ಸಿ.ಜಿ. ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟು, ಮುಂದಿನ ರೋಗಿಯನ್ನು ಕರೆದಿದ್ದರು. ಉಳಿದದ್ದೆಲ್ಲ ಶಾಮಲಾಳ ಪಾಲು. ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತು ಮಾಡುವುದು, ಯಾವ ಕಾಗದದ ಜೆರಾಕ್ಸ್ ಬೇಕು, ಯಾವ ಬಸ್ಸು ಹತ್ತಿ ಎಲ್ಲಿ ಇಳಿಯಬೇಕು ಎಂದು ತಿಳಿಸುವುದು, ಅತ್ತವರಿಗೆ ನೀರು ಕೊಡುವುದು. ಇದಕ್ಕೆಂದೇ ಕ್ಲಿನಿಕ್ಕಿನವರು ಅವಳಿಗೊಂದು ಗಾಜಿನ ಕೋಣೆ ಮಾಡಿಸಿಕೊಟ್ಟಿದ್ದರು. ಬಾಗಿಲು ಹಾಕಿದರೆ ಒಳಗಿನ ಮಾತು ಒಂದಕ್ಷರವೂ ಹೊರಗೆ ಕೇಳಿಸದೆಂಬುದು ಅವಳ ಹೆಮ್ಮೆ. ಅವಳ ಬೆನ್ನ ಹಿಂದೆ, ಗಾಜಿನ ಆಚೆಗಿನ ಬೆಂಚಿನಲ್ಲಿ ಸಂಜೀವಪ್ಪನವರ ಹೆಂಡತಿ ಮುನಿರತ್ನಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

“ಗುರುವಾರ ಬೆಳಿಗ್ಗೆ ಏಳಕ್ಕೆ ಆಂಜಿಯೋಗ್ರಾಂ. ಬ್ಲಾಕ್ ಇದ್ರೆ ಅವತ್ತೇ ಸ್ಟೆಂಟ್ ಹಾಕ್ತಾರೆ. ಮನೆಯವರು ಒಬ್ರು ಜೊತೇಲಿದ್ದು ಸಹಿ ಹಾಕ್ಲೇಬೇಕು, ಇಲ್ದಿದ್ರೆ ಸೇರಿಸ್ಕೊಳ್ಳಲ್ಲ. ಅಮ್ಮನ್ನ ಒಳಗೆ ಕರೀಲಾ?”

“ಬೇಡ, ಬೇಡ!” ಸಂಜೀವಪ್ಪ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಅವಳಿಗೆ ಹೇಳ್ಬೇಡಮ್ಮ. ಅವಳ ತಮ್ಮ ಇದೇ ಎದೆನೋವು ಅಂತ ಆಸ್ಪತ್ರೆಗೆ ಹೋದೋನು ವಾಪಸ್ ಬರ್ಲಿಲ್ಲ. ಆವತ್ತಿಂದ ಆಸ್ಪತ್ರೆ ಅಂದ್ರೆ ಸಾಕು, ನಡುಗ್ತಾಳೆ. ಯಾವ ಬಾಯಲ್ಲಿ ಹೇಳ್ಲಿ ನಾನು?”

“ಮಕ್ಕಳು?”

“ಧನುಶ್ರೀ ಒಬ್ಳೇ. ಹಸಿ ಬಾಣಂತಿ. ಅವಳನ್ನ ಎಬ್ಬಿಸ್ಕೊಂಡು ಬರ್ಲಾ? ಬಿಡಮ್ಮ, ಹಬ್ಬದ ಸೀರೆ ಆರ್ಡರ್ ಮುಗೀಲಿ, ಆಮೇಲೆ ನೋಡೋಣ.”

ಶಾಮಲಾಗೆ ಸಿಟ್ಟು ಬಂತು. ‘ತಡ ಮಾಡಬಾರದು’ ಎಂದು ಬರೆದು ಡಾಕ್ಟರು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ, ಈ ಮನುಷ್ಯ ನೋಡಿದರೆ ಸೀರೆ ಎನ್ನುತ್ತಾರೆ. ಹೋಗಿ ಆ ತಾಯಿಗೆ ಹೇಳಿಯೇಬಿಡೋಣವೆಂದರೆ ಅದೂ ಆಗದು. ರೋಗಿ ಬೇಡವೆಂದ ಮೇಲೆ ಅವಳು ಬಾಯಿ ಬಿಡುವಂತಿರಲಿಲ್ಲ. ತಲೆ ಬಗ್ಗಿಸಿ, ಫಾರಂನಲ್ಲಿ ತುಂಬಬಹುದಾದದ್ದನ್ನಾದರೂ ತುಂಬತೊಡಗಿದಳು. ಅವಳು ಬರೆಯುವಷ್ಟು ಹೊತ್ತೂ ಸಂಜೀವಪ್ಪ ಮಾತಾಡುತ್ತಲೇ ಇದ್ದರು. ಎದೆ ಹಿಡಿದಂತಾಗಲು ಶುರುವಾಗಿ ಹದಿನೈದು ದಿನವಾಯಿತು, ಆಂಜಿಯೋಗ್ರಾಂ ಗುರುವಾರ ಏಳಕ್ಕೇ ಅಲ್ಲವಾ, ಮನೆಯವರು ಬಂದು ಸಹಿ ಹಾಕದಿದ್ದರೆ ಆಗುವುದೇ ಇಲ್ಲವಾ, ನನಗೂ ಭಯವಾಗುತ್ತದಮ್ಮ. ಹೇಳಿದ್ದನ್ನೇ ಬಿಡಿಸಿ ಬಿಡಿಸಿ ಎರಡೆರಡು ಸಲ ಹೇಳಿದರು. ಹೆದರಿದವರು ಹೀಗೇ ಎಂದುಕೊಂಡು ಶಾಮಲಾ ತಲೆ ಎತ್ತದೆ ಹೂಂಗುಟ್ಟಿದಳು.

ಸಂಜೀವಪ್ಪ ಬಾಗಿಲು ತೆರೆದು ಹೊರಗೆ ಹೋದರು.

“ಏನಂದ್ರು?” ಮುನಿರತ್ನಮ್ಮ ಕೇಳಿದ್ದು ಶಾಮಲಾಗೂ ಕೇಳಿಸಿತು.

“ಗ್ಯಾಸ್ಟ್ರಿಕ್ ಅಂತೆ ಕಣೇ. ಖಾರ ಕಮ್ಮಿ ಮಾಡ್ಬೇಕಂತೆ.”

“ಮಾಡೋಣ ಬಿಡಿ. ಹೋಗಿ ಮಾತ್ರೆ ತಗೊಂಡ್ ಬನ್ನಿ, ನಾನು ಇಲ್ಲೇ ಇರ್ತೀನಿ.”

ಗಂಡ ಔಷಧಿ ಅಂಗಡಿಯ ಕಡೆ ತಿರುಗಿದ್ದೇ ತಡ, ಮುನಿರತ್ನಮ್ಮ ಒಳಗೆ ಬಂದು ಬಾಗಿಲು ಹಾಕಿಕೊಂಡರು. “ಆ ಕಾಗದ ತೆಗಿಯಮ್ಮ. ಜೊತೆಗೆ ಬರೋರು ಮುನಿರತ್ನಮ್ಮ ಅಂತ ಬರ್ಕೊ. ಗುರುವಾರ ಏಳಕ್ಕೆ ತಾನೆ? ಆರೂವರೆಗೇ ಅಲ್ಲಿರ್ತೀವಿ.”

ಶಾಮಲಾ ಗಾಬರಿಯಾದಳು. “ನಾನೇನೂ ಹೇಳಿಲ್ವಲ್ಲಮ್ಮ!”

“ನೀನೆಲ್ಲಿ ಹೇಳ್ದೆ? ಅವರೇ ಹೇಳಿದ್ರು.” ಮುನಿರತ್ನಮ್ಮ ಗಾಜಿನ ಕಡೆ ಬೆರಳು ತೋರಿಸಿದರು. “ಮದ್ವೆ ಆದಾಗಿಂದ ನಮ್ಮಿಬ್ರದೂ ಎದುರುಬದುರು ಮಗ್ಗ. ಆ ಸದ್ದಲ್ಲಿ ಗಂಟಲು ಹರ್ಕೊಂಡ್ರೂ ಕೇಳ್ಸಲ್ಲ. ತುಟಿ ನೋಡ್ಕೊಂಡೇ ಮಾತು. ಸಂಸಾರ ಮಾಡಿದ್ದೂ ಹಂಗೇ, ಜಗಳ ಆಡಿದ್ದೂ ಹಂಗೇ.”

ಶಾಮಲಾಗೆ ನಗು ಬಂತು. ಆದರೆ ಮುನಿರತ್ನಮ್ಮ ಸಹಿಗೆ ಮೊದಲು ತಾಳಿಯನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿ ನಗು ಅಲ್ಲೇ ನಿಂತಿತು. “ನಿಮಗೆ ಭಯ ಆಗಲ್ವಾ?”

“ಆಗ್ತದೆ. ಅವರಿಗೂ ಆಗ್ತದಂತಲ್ಲ. ಇಬ್ರೂ ಜೊತೇಲೇ ಹೆದರ್ಕೊಂಡ್ರಾಯ್ತು.”

ಶಾಮಲಾಗೆ ಆ ಇಬ್ಬರ ಮೇಲೂ ಒಟ್ಟಿಗೇ ಪ್ರೀತಿ ಉಕ್ಕಿತು. “ಪಾಪ, ಯಜಮಾನ್ರು. ನಿಮಗೆ ಗೊತ್ತಾಗ್ಬಾರ್ದು ಅಂತ ಎಷ್ಟು ಒದ್ದಾಡಿದ್ರು! ನೀವು ತುಟಿ ನೋಡಿ ತಿಳ್ಕೋತೀರ ಅನ್ನೋದನ್ನೇ ಮರೆತುಬಿಟ್ರು.”

ಮುನಿರತ್ನಮ್ಮ ಸಹಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮರೆಯೋದಾ? ನೀನು ತಲೆ ಬಗ್ಗಿಸ್ಕೊಂಡು ಬರೀತಿದ್ದೆ, ನೋಡ್ಲಿಲ್ಲ. ಅಷ್ಟು ಹೊತ್ತೂ ಅವರು ನನ್ನ ಮುಖಾನೇ ನೋಡ್ಕೊಂಡು ಹೇಳಿದ್ರು ಕಣಮ್ಮ.”