ಕಟ್ಟೆಯ ಮೇಲೆ ಒಣಗಿದ ವಾರ್ನಿಶ್

ವಾರ್ನಿಶ್ ವಾಸನೆ ಬಡಿದರೆ ಈಗಲೂ ನನ್ನ ಉಗುರಿನ ಸಂದಿಗಳು ಉರಿಯುತ್ತವೆ.

ಸನಮಡಿ ಊರಿನ ನಮ್ಮ ಮನೆಗೆ ಆ ವರ್ಷ ಸಿಮೆಂಟಿನ ಕಟ್ಟೆ ಬಂದಿತ್ತು. ಮರುದಿನ ಪಾದಪೂಜೆಗೆ ಮಠದ ಸ್ವಾಮಿಗಳು ಬರುವವರಿದ್ದರು. ಬಡಿಗ ಬಾಗಿಲಿಗೆ ವಾರ್ನಿಶ್ ಹಚ್ಚಿ, ಡಬ್ಬಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋಗಿದ್ದ. ಯಾರೋ ಅದನ್ನು ಎಡವಿ ಚೆಲ್ಲಿದ್ದರು. ನಾವು ನೋಡುವಷ್ಟರಲ್ಲಿ ಹನಿಗಳೆಲ್ಲ ಒಣಗಿ ಕಲ್ಲಾಗಿದ್ದವು.

"ನಿಮ್ಮವ್ವಂದ ಕೆಲಸ ಇದು," ಎಂದಳು ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ಓಣಿಗೆಲ್ಲ ಕೇಳುವಂತೆ. "ಕಣ್ಣು ನೆತ್ತಿ ಮ್ಯಾಲ ಅದಾವು ಅಕಿಗೆ. ತಾಯಿ ಮಗಳು ಕೂಡಿ ಕೆರೀರಿ. ಒಂದು ಹನಿ ಉಳೀಬಾರದು."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚಿಮಣಿ ಎಣ್ಣೆ ಸುರಿದು ಇಬ್ಬರೂ ಕಳೆ ತೆಗೆಯುವ ಕುರುಪಿಯಿಂದ ಕೆರೆದೆವು. ಮೇಲಿನದು ಚೂರುಚೂರಾಗಿ ಏಳುತ್ತಿತ್ತು. ಸಿಮೆಂಟಿನ ತೂತುಗಳಲ್ಲಿ ಇಳಿದದ್ದು ಜಪ್ಪಯ್ಯ ಅಂದರೂ ಬರಲಿಲ್ಲ. ದೊಡ್ಡವ್ವ ಹೊರಸಿನ ಮೇಲೆ ಕೂತು, ಎಲೆ ಅಡಿಕೆ ಜಗಿಯುತ್ತ ಬೆರಳು ತೋರಿಸುತ್ತಿದ್ದಳು. "ಅಲ್ಲೊಂದೈತಿ ನೋಡು. ಇಲ್ಲೊಂದೈತಿ."

ಹೊಸ್ತಿಲ ಬಳಿ ವಾರ್ನಿಶ್ ತುಳಿದ ಒಂದು ಹೆಜ್ಜೆ ಒಣಗಿ ಕೂತಿತ್ತು, ನೆಲಕ್ಕೆ ಮುಖ ಹಚ್ಚಿ ಕೂತವರಿಗೆ ಮಾತ್ರ ಕಾಣುವಷ್ಟು ತೆಳ್ಳಗೆ. ಅದರ ಎರಡು ಬೆರಳಲ್ಲಿ ಕಾಲುಂಗುರದ ಗುರುತು. ಮನೆಯಲ್ಲಿ ಎರಡೆರಡು ಬೆರಳಿಗೆ ಉಂಗುರ ಹಾಕುತ್ತಿದ್ದವಳು ದೊಡ್ಡವ್ವ ಒಬ್ಬಳೇ.

ನಾನು ಕೂಗಲು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಸುಮ್ಮನಿರು. ಅದನ್ನ ಕೆರೀಬ್ಯಾಡ," ಎಂದಳು ಮೆಲ್ಲಗೆ. "ನಾಳೆ ಊರ ಮಂದಿ ಮುಂದ ಸ್ವಾಮಿಗೋಳ ಪಾದಾ ತೊಳಿಯಾಕ ಅಕಿ ಅಲ್ಲೇ ಕುಂದ್ರತಾಳ."

ಮರುದಿನ ಊರವರು ಬರುವ ಮೊದಲೇ ಅವ್ವ ಆ ಹೆಜ್ಜೆಯ ಸುತ್ತ, ಗೆರೆ ತಪ್ಪದಂತೆ, ರಂಗೋಲಿ ಎಳೆದಳು.